ಹೆಬ್ಬೆರಳ ಉಂಗುರ

ಕಾರು ಬೀದಿಯ ತಿರುವು ದಾಟಿ ದೊಡ್ಡ ರಸ್ತೆಗೆ ಬಿದ್ದ ಮೇಲೆ, ಹಿಂದಿನ ಸೀಟಿನ ಎಡಮೂಲೆಯಲ್ಲಿ ಎಂದಿನಂತೆ ತನ್ನನ್ನು ತಾನೇ ಮಡಚಿಟ್ಟುಕೊಂಡು ಕೂತಿದ್ದ ಕಿರಿಯವಳು ಮೂಗು ತುರಿಸಿಕೊಳ್ಳಲೆಂದು ಕೈ ಎತ್ತಿದಳು; ಎತ್ತಿದ ಕೈ ಮೂಗಿನ ತನಕ ಹೋಗದೆ ನಡುವೆಯೇ ನಿಂತಿತು. ಹೆಬ್ಬೆರಳಲ್ಲಿ ಒಂದು ಕಪ್ಪು ಉಂಗುರವಿತ್ತು. ಚಿನ್ನದ್ದಲ್ಲ, ಬೆಳ್ಳಿಯದ್ದಲ್ಲ, ರಬ್ಬರಿನದು; ತಗಡಿನ ಅಂಚು ಒಳಗೆ ಕೂರಲಿ ಎಂದು ಹೊರಮೈಯ ಸುತ್ತ ಸಣ್ಣ ಕಾಲುವೆಯಂಥ ಕಚ್ಚು ಇದ್ದದ್ದು. ಆ ಉಂಗುರ ಇರಬೇಕಾದ ಜಾಗ ಅವಳ ಹೆಬ್ಬೆರಳಲ್ಲ. ಅದು ಇರಬೇಕಾದದ್ದು ಸೀಟಿಗೂ ಡಿಕ್ಕಿಗೂ ನಡುವಿನ ತಗಡಿನ ಗೋಡೆಯಲ್ಲಿ ಬೆಳಿಗ್ಗೆ ಅವಳೇ ಕೊರೆದ ತೂತಿನಲ್ಲಿ. ಡಿಕ್ಕಿಯಲ್ಲಿ ಹೊಸದಾಗಿ ಬಿಡಾರ ಹೂಡಿದ ಬ್ಯಾಟರಿಯಿಂದ ಹೊರಟು, ಆ ತೂತು ನುಸುಳಿ, ನೆಲಹಾಸಿನ ಕೆಳಗೆ ಕಾರಿನ ಉದ್ದಕ್ಕೂ ಮಲಗಿ ಇಂಜಿನ್ನಿನ ತನಕ ಹೋಗುವ ಹೆಬ್ಬೆರಳು ದಪ್ಪದ ಕೆಂಪು ಕೇಬಲ್ಲಿನ ಕೊರಳಲ್ಲಿ. ಉಂಗುರ ಇಲ್ಲಿದೆ ಎಂದರೆ ಅಲ್ಲಿಲ್ಲ. ಅಲ್ಲಿಲ್ಲ ಎಂದರೆ ಕೇಬಲ್ಲಿನ ಮೈ ತಗಡಿನ ಹಸಿ ಅಂಚಿಗೆ ನೇರವಾಗಿ ಒರಗಿದೆ, ಕಾರು ಕುಲುಕಿದಂತೆಲ್ಲ ಅಂಚು ಅದನ್ನು ಕೊಯ್ಯುತ್ತಿದೆ. ಅಷ್ಟರಲ್ಲಿ ಕಾರು ಒಂದು ಗುಂಡಿಗೆ ಇಳಿದು ಎದ್ದಿತು, ಅವಳಿಗೆ ತನ್ನ ಕೊರಳನ್ನೇ ಯಾರೋ ಉಗುರಿನಿಂದ ಗೀರಿದಂತಾಯಿತು. ಅವಳ ಬಲಗಡೆ, ಸರಿಯಾಗಿ ಆ ತೂತಿಗೆ ಬೆನ್ನು ಕೊಟ್ಟು, ಅಕ್ಕನ ಗಂಡ ಕಾಲು ಚಾಚಿ ಕೂತು, ಈ ಸಲ ಮಾರಲು ಹೊರಟಿರುವ ನೀರಿನ ಫಿಲ್ಟರಿನ ಮಹಿಮೆಯನ್ನು ಮುಂದಿನ ಸೀಟಿನವರಿಗೆ ವರ್ಣಿಸುತ್ತಿದ್ದ. ಭಾವ ಸುಟ್ಟುಹೋದರೆ ಅಕ್ಕನಿಗೆ ಏನು ಹೇಳುವುದು ಎಂದು ಅವಳಿಗೆ ಮೊದಲು ಹೊಳೆಯಿತು. ಅಕ್ಕ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ಭಾವ ಸುಟ್ಟುಹೋಗಬಹುದು ಎಂಬುದರ ಬಗ್ಗೆ ತನಗೆ ಆಗಬೇಕಾದಷ್ಟು ಸಂಕಟ ಆಗಲಿಲ್ಲವಲ್ಲ ಎಂಬ ಸಂಕಟ ಎರಡನೆಯದಾಗಿ ಬಂತು.

ಕಾರು ಓಡಿಸುತ್ತಿದ್ದ ಅಪ್ಪ ಸ್ಟೀರಿಂಗಿನ ಮುಂದೆ, ಗಾಜಿನ ಕೆಳಗೆ, ಅರ್ಧ ನೀರು ತುಂಬಿದ ಒಂದು ಗಾಜಿನ ಲೋಟವನ್ನು ಅಂಟುಪಟ್ಟಿಯಿಂದ ಕೂರಿಸಿದ್ದ. ಕುಡಿಯುವುದಕ್ಕಲ್ಲ. ಅಪ್ಪ ಜೀವಮಾನವೆಲ್ಲ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೂತು ನಿವೃತ್ತನಾದವನು. ಕಿಟಕಿಯಿಂದ ಒಮ್ಮೆ ಕಣ್ಣು ಹಾಯಿಸಿದರೆ ಯಾವ ಲಾರಿ ಯಾವ ಕಡೆಗೆ ವಾಲಿದೆ, ಯಾವುದರ ಡ್ರೈವರು ಇಳಿಯದೆ ಒಳಗೇ ಬಗ್ಗಿ ಕೂತಿದ್ದಾನೆ ಎಂದು ಹೇಳಬಲ್ಲವನು. ತೂಕಕ್ಕೆ ದಾಕ್ಷಿಣ್ಯ ಇಲ್ಲ ಎಂಬುದು ಅವನ ಒಂದನೇ ಮಾತು. ಹತ್ತು ಕಿಲೋಗಿಂತ ಕಡಿಮೆ ಇದ್ದದ್ದು ತೂಕವಲ್ಲ, ಧೂಳು ಎಂಬುದು ಎರಡನೆಯದು, ಏಕೆಂದರೆ ಅವನ ಯಂತ್ರ ಹತ್ತರ ಮೇಲೆ ಹತ್ತು ಬಿಟ್ಟು ಬೇರೆ ಅಂಕಿ ತೋರಿಸುತ್ತಿರಲಿಲ್ಲ. ಇಂಥವನಿಗೆ, ನಿವೃತ್ತನಾಗಿ ಮನೆಯಲ್ಲಿ ತೂಗಲು ಏನೂ ಇಲ್ಲದೆ ಕೂತಿದ್ದಾಗ, ಒಂದು ದಿನ ತನ್ನ ಕಾರೇ ಮುಂದೆ ಎಡಕ್ಕೆ ವಾಲುತ್ತಿದೆ ಎಂಬ ಅನುಮಾನ ಹತ್ತಿತು. ಲೋಟದ ನೀರು ಹೌದೆಂದಿತು. ಸ್ಟೆಪ್ನಿ ಚಕ್ರವನ್ನು ಬಲಕ್ಕೆ ಸರಿಸಿದ, ನೀರು ಸಮನಾಗಲಿಲ್ಲ. ಬಲಗಡೆ ಮರಳಿನ ಚೀಲ ಹಾಕಿ ನೋಡಿದ. ಚೀಲ ಸೋರಿ ಡಿಕ್ಕಿ ಕೆರೆಯ ದಂಡೆಯಾಯಿತು. ಎಡಮುಂಭಾಗದಲ್ಲಿ ಭಾರದ್ದು ಎಂದು ಇದ್ದದ್ದು ಎರಡೇ. ಒಂದು, ಬಾನೆಟ್ಟಿನ ಕೆಳಗೆ ಎಡಮೂಲೆಯಲ್ಲಿದ್ದ ಬ್ಯಾಟರಿ. ಇನ್ನೊಂದು, ಮುಂದಿನ ಎಡಸೀಟಿನಲ್ಲಿ, ಈ ಕಾರು ಮನೆಗೆ ಬಂದ ದಿನದಿಂದ ಬೇರೆ ಯಾರೂ ಕೂರದ ಜಾಗದಲ್ಲಿ ಕೂರುವ ಅಮ್ಮ. ಅಮ್ಮನನ್ನು ಹಿಂದೆ ಕೂರು ಎನ್ನುವಷ್ಟು ಎದೆ ಅಪ್ಪನಿಗೆ ಇರಲಿಲ್ಲ. ಹಾಗಾಗಿ ಬ್ಯಾಟರಿ ಹಿಂದೆ, ಡಿಕ್ಕಿಯ ಬಲಮೂಲೆಗೆ ಹೋಗಬೇಕಾಯಿತು.

ಈ ಗುಟ್ಟು ಅಪ್ಪ ಹೇಳಿದ್ದು ಕಿರಿಯವಳೊಬ್ಬಳಿಗೇ, ಅದೂ ಶೆಡ್ಡಿನ ಬಾಗಿಲು ಮುಂದಕ್ಕೆ ಮಾಡಿ. ಅವಳಿಗೆ ಹೇಳಿದ್ದಕ್ಕೆ ಎರಡು ಕಾರಣ. ಅವಳು ಮೋಟಾರು ಸುತ್ತುವ ಅಂಗಡಿಯಲ್ಲಿ ಕೆಲಸ ಮಾಡುವವಳು, ತಾಮ್ರದ ತಂತಿಯ ಸಹವಾಸ ಅವಳಿಗೆ ಮನುಷ್ಯರ ಸಹವಾಸಕ್ಕಿಂತ ಹೆಚ್ಚು. ಮತ್ತು ಅವಳಿಗೆ ಹೇಳಿದ ಗುಟ್ಟು ಬಾವಿಗೆ ಹಾಕಿದ ಕಲ್ಲು. ಅಮ್ಮ ಕೇಳಿದರೆ ಇಂಜಿನ್ನಿನ ಬಿಸಿಗೆ ಬ್ಯಾಟರಿ ಕೆಡುತ್ತೆ, ಅದಕ್ಕೆ ಹಿಂದೆ ಹಾಕಿದ್ದು ಅಂತ ಹೇಳು ಎಂದು ಅಪ್ಪ ಹೇಳಿಕೊಟ್ಟಿದ್ದ. ಅದು ಸುಳ್ಳೂ ಅಲ್ಲದ್ದರಿಂದ ಅವಳು ತಲೆಯಾಡಿಸಿದ್ದಳು. ಇವತ್ತು ಕಾರು ಹೊರಟಿದ್ದು ಅಪ್ಪನ ಹಳೆಯ ವೇಬ್ರಿಡ್ಜಿಗೆ. ಹಳೇ ಜಾಗ ನೋಡಿ ಬರೋಣ ಎಂದು ಅಮ್ಮನಿಗೆ ಹೇಳಿದ್ದ. ಅಲ್ಲಿ ಹೋಗಿ, ಎಲ್ಲರೂ ಅವರವರ ಜಾಗದಲ್ಲಿ ಕೂತಿದ್ದಂತೆಯೇ, ಮೊದಲು ಎಡಗಡೆಯ ಚಕ್ರಗಳನ್ನು ಮಾತ್ರ ತೂಕದ ಹಲಗೆಯ ಮೇಲೆ ಹತ್ತಿಸಿ, ಆಮೇಲೆ ಬಲಗಡೆಯದನ್ನು ಮಾತ್ರ ಹತ್ತಿಸಿ, ಎರಡೂ ಸಮ ಬರುವುದನ್ನು ಕಣ್ತುಂಬ ನೋಡಬೇಕೆಂಬುದು ಅವನ ಆಸೆ. ಇದನ್ನು ಅಮ್ಮನಿಗೆ ಹೇಳಿರಲಿಲ್ಲ. ಅಮ್ಮ ಹೊರಗೆ ಹೋಗುವ ಒಳ್ಳೆಯ ಬಟ್ಟೆ ಉಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದಳು, ಯಾರದೋ ಮನೆಗೆ ಗೌರವದಿಂದ ಹೊರಟವಳ ಹಾಗೆ.

ಮರೆತದ್ದು ಹೇಗೆ ಎಂದು ಕಿರಿಯವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಹಿಂದಕ್ಕೆ ಹೋದಳು. ಎರಡು ತೂತು, ಎರಡು ಉಂಗುರ. ಅಂಗಡಿಯಲ್ಲಿ ಕೊಳ್ಳುವಾಗ ಹೆಬ್ಬೆರಳಿಗೆ ಹಾಕಿ ನೋಡಿಯೇ ಕೊಂಡಿದ್ದಳು. ಹೆಬ್ಬೆರಳು ದಪ್ಪದ ಕೇಬಲ್ಲಿಗೆ ಹೆಬ್ಬೆರಳಿಗಿಂತ ಒಳ್ಳೆಯ ಅಳತೆ ಯಾವುದು. ಮುಂದೆ ಇಂಜಿನ್ನಿನ ಗೋಡೆಯ ತೂತಿಗೆ ಒಂದನ್ನು ಹಾಕಿದ್ದು ಚೆನ್ನಾಗಿ ನೆನಪಿದೆ. ಬ್ಯಾಟರಿಯನ್ನು ಕಬ್ಬಿಣದ ತಟ್ಟೆಯಲ್ಲಿ ಕೂರಿಸಿ, ಡಿಕ್ಕಿಯ ನೆಲಕ್ಕೆ ಬೋಲ್ಟು ಹಾಕಿ, ಮೇಲೊಂದು ಪಟ್ಟಿ ಬಿಗಿದದ್ದೂ ನೆನಪಿದೆ. ಅಲುಗಿಸಿ ನೋಡಿದರೆ ಕಾರೇ ಅಲುಗಿತೇ ಹೊರತು ಬ್ಯಾಟರಿಯಲ್ಲ. ನೆಗೆಟಿವ್ ತಂತಿಯನ್ನು ಬಣ್ಣ ಕೆರೆದು ಹೊಳೆಯಿಸಿದ ತಗಡಿಗೆ ಕಚ್ಚಿಸಿದ್ದೂ ನೆನಪಿದೆ. ಆಮೇಲೆ ಫ್ಯೂಸಿನ ಪ್ರಶ್ನೆ ಬಂತು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಗೇಣು ದೂರದೊಳಗೆ ಇರಬೇಕು. ಆಗ ಮಾತ್ರ ಅಲ್ಲಿಂದಾಚೆಯ ಉದ್ದಾನುದ್ದ ಕೇಬಲ್ಲಿಗೆ ಅದರ ಕಾವಲು. ಆದರೆ ಕೈಯಲ್ಲಿ ಬಿಸ್ಕತ್ತು ಹಿಡಿದು ಮೇಲ್ವಿಚಾರಣೆಗೆ ನಿಂತಿದ್ದ ಭಾವ, ಫ್ಯೂಸ್ ಮುಂದೆ ಇಂಜಿನ್ ಹತ್ತಿರ ಇರಲಿ, ಬಾನೆಟ್ ಎತ್ತಿದ ತಕ್ಷಣ ಕಾಣಬೇಕು, ಹಿಂದೆ ಕಾಯೋದಕ್ಕೆ ಏನಿದೆ ಸ್ಟೆಪ್ನಿನಾ, ಎಂದ. ಅಪ್ಪ ಎರಡು ಕಡೆಯನ್ನೂ ತೂಗುವವನಂತೆ ಅವಳನ್ನೊಮ್ಮೆ ಭಾವನನ್ನೊಮ್ಮೆ ನೋಡಿದ. ಅವಳು ಏನಾದರೂ ಹೇಳಿದ್ದರೆ ಅಪ್ಪ ಕೇಳುತ್ತಿದ್ದನೇನೋ. ಅವಳು ಹೂಂ ಎಂದಳು. ಹೂಂ ಎಂದು ಮುಂದೆಯೇ ಹಾಕಿದಳು. ಅವರಿಬ್ಬರೂ ಟೀ ಕುಡಿಯಲು ಒಳಗೆ ಹೋದದ್ದೇ ತಡ, ಕಳ್ಳಿಯ ಹಾಗೆ ಫ್ಯೂಸನ್ನು ಬಿಚ್ಚಿ ತಂದು ಹಿಂದೆ ಬ್ಯಾಟರಿಯ ಪಕ್ಕಕ್ಕೆ ಕೂರಿಸಿದಳು. ಅದಕ್ಕಾಗಿ ಕೇಬಲ್ಲಿನ ತುದಿಯನ್ನು ಒಮ್ಮೆ ತೂತಿನಿಂದ ಹೊರಗೆಳೆಯಬೇಕಾಯಿತು. ಹಾಗೆ ಎಳೆದಾಗ ಉಂಗುರ ಕಳಚಿ ಬಂತು. ಕಳೆಯದಿರಲಿ ಎಂದು ಹೆಬ್ಬೆರಳಿಗೆ ಹಾಕಿಕೊಂಡಳು. ಭಾವನ ಚಪ್ಪಲಿಯ ಸದ್ದು ಕೇಳಿತು. ಕೇಬಲ್ ನುಗ್ಗಿಸಿದಳು, ಬೋಲ್ಟು ಬಿಗಿದಳು, ಹಾಸು ಎಳೆದಳು, ಡಿಕ್ಕಿ ಮುಚ್ಚಿದಳು. ಎಲ್ಲ ಆಯ್ತಾ ಎಂದು ಅಪ್ಪ ಕೇಳಿದಾಗ ಉಂಗುರದ ಪೊಟ್ಟಣ ಬಿಚ್ಚಿ ನೋಡಿದ್ದಳು ಕೂಡ, ಖಾಲಿಯಿತ್ತು. ಖಾಲಿ ಎಂದರೆ ಎರಡೂ ಸೇರಬೇಕಾದಲ್ಲಿ ಸೇರಿವೆ ಎಂದು ನೆಮ್ಮದಿಯಾಗಿ ಉಸಿರು ಬಿಟ್ಟಿದ್ದಳು. ಕೈಯೆಲ್ಲ ಮಸಿಯಾಗಿದ್ದರಿಂದ ಕಪ್ಪು ಬೆರಳಲ್ಲಿ ಕಪ್ಪು ಉಂಗುರ ಕಾಣಲಿಲ್ಲ, ಅಮ್ಮ ಹೊತ್ತಾಯಿತೆಂದು ಕೂಗಿದ್ದರಿಂದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದು ಕೂತಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳಾದರೂ ವಾಸಿ. ಅವಳು ಹುಡುಕಿಯೂ ಇರಲಿಲ್ಲ. ಸರಿಯಾದದ್ದನ್ನು ಕದ್ದು ಮಾಡಿದರೆ ಹೀಗೆಯೇ ಆಗುವುದು. ಬಾಯಿಬಿಟ್ಟು ಹೇಳಿ ಮಾಡಿದ್ದರೆ ನಿಧಾನವಾಗಿ ಮಾಡಬಹುದಿತ್ತು.

ಬಾಯಿ ಬಿಡುವುದು ಎಂಬುದೇ ಅವಳ ಹಣೆಬರಹದಲ್ಲಿ ಬರೆಯದೆ ಬಿಟ್ಟ ಸಾಲು. ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳು ಉತ್ತರ ಕೊಡುತ್ತಿದ್ದಳು, ಖಂಡಿತ ಕೊಡುತ್ತಿದ್ದಳು, ಆದರೆ ಅದು ಹಲ್ಲು ದಾಟಿ ಹೊರಗೆ ಬರುತ್ತಿರಲಿಲ್ಲ. ಟೀಚರು ತಲೆಯೆತ್ತದೆ ಕೂಗುವವರು, ಗೈರು ಎಂದು ಗೀಟು ಎಳೆಯುವವರು. ಒಂದು ದಿನ ಅಪ್ಪನನ್ನು ಕರೆಸಿ, ನಿಮ್ಮ ಮಗಳು ಈ ವರ್ಷ ಶಾಲೆಯ ಮುಖವನ್ನೇ ನೋಡಿಲ್ಲ ಎಂದರು. ಆಗಲೂ ಅವಳು ಅದೇ ಕೋಣೆಯ ಮೂರನೇ ಬೆಂಚಿನಲ್ಲಿ ಕೂತಿದ್ದಳು. ಅಪ್ಪ ಅವಳನ್ನು ನೋಡಿದ, ಟೀಚರನ್ನು ನೋಡಿದ. ದಿನಾ ಬಂದೂ ಬರದವಳಾಗುವುದಕ್ಕಿಂತ ಬರದೆಯೇ ಇರುವುದು ಸುಲಭ ಎಂದು ಅವಳಿಗೆ ಅನ್ನಿಸಿದ್ದು ಅವತ್ತು. ವೈಂಡಿಂಗ್ ಅಂಗಡಿಯಲ್ಲಿ ಹಾಜರಿ ಕೂಗುವವರಿಲ್ಲ. ಸುಟ್ಟ ಮೋಟಾರು ಬರುತ್ತದೆ, ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತಿ ವಾರ್ನಿಷ್ ಹಾಕಿ ಕೊಡುವುದು. ಮೋಟಾರು ತಿರುಗಿದರೆ ಅದೇ ಉತ್ತರ. ಅಲ್ಲಿಗೆ ಬರುವ ಸುಟ್ಟ ಮೋಟಾರುಗಳಲ್ಲಿ ಅರ್ಧ, ತಂತಿಯ ಮೇಲಿನ ಕೂದಲೆಳೆಯಷ್ಟು ಹೊದಿಕೆ ಎಲ್ಲೋ ಒಂದು ಕಡೆ ಕಬ್ಬಿಣಕ್ಕೆ ಉಜ್ಜಿ ಹರಿದದ್ದಕ್ಕೇ ಸುಟ್ಟವು. ಅವುಗಳ ಕರಕಲು ಹೊಟ್ಟೆಯನ್ನು ಅವಳು ನಿತ್ಯ ನೋಡುವವಳು. ಅದಕ್ಕೇ ಅವಳಿಗೆ, ಈ ಕ್ಷಣದಲ್ಲಿ ತಗಡಿನ ಗೋಡೆಯ ಆಚೆ ಏನಾಗುತ್ತಿರಬಹುದು ಎಂಬುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಫ್ಯೂಸ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು. ಪೂರ್ತಿ ತಾಗಿದರೆ ಫ್ಯೂಸ್ ಹಾರುತ್ತದೆ, ಕಾರು ನಿಲ್ಲುತ್ತದೆ, ಅಷ್ಟೇ. ಆದರೆ ಇಂಜಿನ್ ಎಬ್ಬಿಸುವ ಭಾರಿ ಕರೆಂಟಿಗೆ ತಾಳಲೆಂದು ಹಾಕಿದ ದಪ್ಪ ಫ್ಯೂಸದು; ಅರೆಬರೆ ತಾಗಿ ಕಿಡಿ ಹಾರಿದರೆ ಅದು ದೊಡ್ಡ ಮನುಷ್ಯರಂತೆ ಗಮನಿಸದೆಯೇ ಕೂತುಬಿಡಬಹುದು. ಕಿಡಿ ಹಾರುವ ಕಡೆ ಸೀಟಿನ ಹಳೆಯ ಒಣ ಸ್ಪಂಜು ಇದೆ. ಸ್ಪಂಜಿನ ಈಚೆ ಭಾವ.

ಸುಟ್ಟ ವಾಸನೆ ಬಂತು. ಅವಳು ಮೂಗರಳಿಸಿ ಹಿಂದಕ್ಕೆ ವಾಲಿದಳು, ಕಡಿಮೆಯಾಯಿತು. ಮುಂದಕ್ಕೆ ಬಂದಳು, ಹೆಚ್ಚಾಯಿತು. ಕೊನೆಗೆ ಅದು ತನ್ನದೇ ಬೆರಳುಗಳಿಂದ ಬರುವ ಅಂಗಡಿಯ ವಾರ್ನಿಷ್ ವಾಸನೆ ಎಂದು ತಿಳಿಯಿತು. ಆಮೇಲೆ ಬೆನ್ನ ಹಿಂದೆ ಟಿಕ್ ಎಂದು ಸದ್ದು. ಮತ್ತೆ ಟಿಕ್, ಮತ್ತೆ ಟಿಕ್. ತಾಮ್ರ ತಗಡಿಗೆ ತಾಗಿ ಬಿಡುವ ಸದ್ದು ಹೀಗೆಯೇ ಇರುತ್ತದೆ. ನೋಡಿದರೆ ಭಾವ ಜೇಬಿನ ಪೆನ್ನು ಒತ್ತುತ್ತಿದ್ದ. ಅವಳು ನೋಡಿದ್ದನ್ನು ನೋಡಿ, ಏನು ನಮ್ಮ ಇಂಜಿನಿಯರು ಬೆವರ್ತಾ ಇದಾರೆ, ಎಂದು ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವಳು ಹೆಬ್ಬೆರಳನ್ನು ಇನ್ನೂ ಒಳಕ್ಕೆ ಒತ್ತಿಕೊಂಡಳು. ಹೇಳಿಬಿಡಬೇಕು. ಹೇಳುವುದು ಏನು ಮಹಾ. ಅಪ್ಪ, ಕಾರು ನಿಲ್ಸು, ಒಂದು ಉಂಗುರ ಬಿಟ್ಟುಹೋಗಿದೆ. ಆದರೆ ಆ ವಾಕ್ಯದ ಹಿಂದೆಯೇ, ಬೆಳಿಗ್ಗೆ ಭಾವ ಮೆಕ್ಯಾನಿಕ್ ಹತ್ತಿರ ಕೊಟ್ಟಿದ್ದರೆ ಆಗ್ತಿತ್ತು ಮಾವ ಎಂದಾಗ, ಅಪ್ಪ ಅವಳ ಕಡೆ ಬೊಟ್ಟು ಮಾಡಿ, ಇವಳು ಮಾಡ್ತಾಳೆ, ಎಂದು ಎರಡೇ ಮಾತಿನಲ್ಲಿ ತೀರಿಸಿದ್ದು ಬಂದು ನಿಲ್ಲುತ್ತಿತ್ತು. ಅಪ್ಪ ಅವಳ ಬಗ್ಗೆ ಬೇರೆಯವರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು. ಆ ಎರಡು ಮಾತನ್ನು ಅವಳು ಕೆಲಸದುದ್ದಕ್ಕೂ ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡಿದ್ದಳು. ಈಗ ಅದನ್ನು ಉಗಿಯಬೇಕು.

ಅಪ್ಪ, ಎಂದಳು.

ಇಡೀ ಕಾರು ಸುಮ್ಮನಾಯಿತು. ಅವಳು ತಾನಾಗಿ ಮಾತಾಡುವುದು ಎಂದರೆ ಗಡಿಯಾರ ಹದಿಮೂರು ಹೊಡೆದ ಹಾಗೆ. ಅಪ್ಪ ಕನ್ನಡಿಯಲ್ಲಿ ನೋಡಿದ, ಭಾವ ತಿರುಗಿ ನೋಡಿದ. ಎರಡು ಜೊತೆ ಕಣ್ಣು ಬಿದ್ದದ್ದೇ ಅವಳ ಮಿಕ್ಕ ವಾಕ್ಯ ಬಂದ ದಾರಿಯಲ್ಲೇ ವಾಪಸು ಹೋಯಿತು. ಅಮ್ಮ ಮಾತ್ರ ತಿರುಗದೆಯೇ, ಹುಡುಗಿಗೆ ಅರ್ಜೆಂಟಾಗಿದೆ ಅನ್ಸುತ್ತೆ, ಎಲ್ಲಾದ್ರೂ ನಿಲ್ಸಿ, ಎಂದಳು. ಅಲ್ಲ ಎನ್ನಲು ಅವಳಿಗೆ ಆಗಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಿತು, ಅವಳು ಇಳಿದಳು, ಬಂಕಿನವನು ಕೊಟ್ಟ ಬೀಗದ ಕೈ ಹಿಡಿದು ಮೂಲೆಯ ಕಕ್ಕಸಿನೊಳಗೆ ಹೋಗಿ ಚಿಲಕ ಹಾಕಿ ನಿಂತಳು. ಗೋಡೆಯ ಮೇಲೆ ಯಾರೋ ಬರೆದ ಫೋನ್ ನಂಬರು, ತೊಟ್ಟಿಕ್ಕುವ ನಲ್ಲಿ. ಯಾವ ಕೆಲಸಕ್ಕೂ ಅಲ್ಲದೆ ಅಲ್ಲಿ ನಿಂತಿರುವ ತನ್ನ ಬಗ್ಗೆ ಅವಳಿಗೆ ನಗುವೂ ಬಂತು, ಅಳುವೂ ಬಂತು, ಎರಡೂ ಬರುತ್ತಿದ್ದಾಗ ಹೊರಗೆ ಇನ್ಯಾರೋ ಬಾಗಿಲು ತಟ್ಟಿದರು. ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ಮಸಿ ಹೋಗಿ ಉಂಗುರ ಇನ್ನೂ ಚೆನ್ನಾಗಿ ಕಾಣತೊಡಗಿತು. ಡಿಕ್ಕಿ ತೆರೆದು ಸುಮ್ಮನೆ ಹಾಕಿಬಿಟ್ಟರೆ ಹೇಗೆ ಎಂದು ಯೋಚಿಸಿದಳು. ಡಿಕ್ಕಿಯ ಕೀಲಿ ಅಪ್ಪನ ಗೊಂಚಲಿನಲ್ಲಿತ್ತು, ಗೊಂಚಲು ಕಾರಿನ ಕೊರಳಲ್ಲಿ ನೇತಾಡುತ್ತಿತ್ತು. ಕೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಹೇಳಬೇಕು.

ಅವಳು ವಾಪಸು ಬರುವಾಗ ಭಾವ ಪೆಟ್ರೋಲ್ ಹಾಕುವವನಿಗೆ ಬ್ಯಾಟರಿಯ ಕಥೆ ಹೇಳುತ್ತಿದ್ದ, ತಾನೇ ಬೆನ್ನ ಮೇಲೆ ಹೊತ್ತು ಹಿಂದಕ್ಕೆ ಸಾಗಿಸಿದವನ ಧಾಟಿಯಲ್ಲಿ. ಬಾನೆಟ್ ಎತ್ತಿ ಫ್ಯೂಸ್ ತೋರಿಸಲಾ ಎಂದೂ ಹೊರಟ. ಪುಣ್ಯಕ್ಕೆ ಹಿಂದಿನ ಗಾಡಿಯವನು ಹಾರನ್ ಹೊಡೆದ. ಅಲ್ಲಾ ಸಾರ್, ಎಲ್ಲರೂ ಮುಂದೆ ಇಟ್ಕೋತಾರೆ, ನೀವ್ಯಾಕೆ ಹಿಂದೆ ಹಾಕಿದ್ರಿ, ಎಂದು ಪೆಟ್ರೋಲಿನವನು ಕೇಳಿದ. ಇಂಜಿನ್ ಬಿಸಿ ಎಂಬ ಉತ್ತರ ಅಪ್ಪನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಗುಟ್ಟು ಗೊತ್ತಿಲ್ಲದಿದ್ದರೂ ಲೋಟದ ನೀರನ್ನು ನೋಡಿ ಲೆಕ್ಕ ಹಾಕಿಕೊಂಡಿದ್ದ ಭಾವ, "ಮುಂದೆ ಎಡಗಡೆ ಲೋಡು ಜಾಸ್ತಿ ಆಗ್ತಿತ್ತು ಕಣಪ್ಪ" ಎಂದ. ಹೇಳಿ, ಹೇಳಿದ್ದಕ್ಕೆ ಸಾಕ್ಷಿಯಾಗಿ ಅವನ ಕಣ್ಣು ತಾನಾಗಿಯೇ ಮುಂದಿನ ಎಡಸೀಟಿನ ಕಡೆ ಹೋಗಿ ಬಂತು. ಪೆಟ್ರೋಲಿನವನ ಕಣ್ಣೂ ಹೋಯಿತು. ಅಪ್ಪ ಲೋಟದ ನೀರನ್ನು ನೋಡಿದ.

ಅಮ್ಮ ಕೈಚೀಲ ಎತ್ತಿಕೊಂಡಳು. ಬಾಗಿಲು ತೆಗೆದು, ಒಂದು ಕಾಲು ಇಳಿಸಿ, ಇನ್ನೊಂದು ಕಾಲು ಇಳಿಸಿ, ಎದ್ದು ನಿಂತಳು. ಅವಳು ಇಳಿದಾಗ ಕಾರು ಒಂದಿಷ್ಟು ಮೇಲೆದ್ದದ್ದನ್ನು ನೋಡದಿರಲು ನಾಲ್ಕೂ ಜನ ನಾಲ್ಕು ದಿಕ್ಕು ನೋಡಿದರು. ಸುತ್ತು ಹಾಕಿ ಬಂದು ಹಿಂದಿನ ಬಲಬಾಗಿಲ ಬಳಿ ನಿಂತು, "ಅಳಿಯಂದಿರೇ, ನೀವು ಮುಂದೆ ಕೂತ್ಕೊಳ್ಳಿ. ನಾನು ಹಿಂದೆ ಕೂರ್ತೀನಿ" ಎಂದಳು. ಅಪ್ಪ, ಹಿಂದೆ ಯಾಕೆ, ಹಿಂದೆ ಧಗೆ, ಎಂದು ಏನೋ ಹೇಳಹೋದ. ಅಮ್ಮ ಅಷ್ಟರಲ್ಲಿ ಕೂತಾಗಿತ್ತು. ಬೆನ್ನನ್ನು ನೆಟ್ಟಗೆ ಸೀಟಿಗೆ ಒರಗಿಸಿ, ಕೈಚೀಲ ಮಡಿಲಿಗಿಟ್ಟು, ಕಿಟಕಿಯಾಚೆ ನೋಡುತ್ತ. ಕಾರು ಹೊರಟಿತು. ಲೋಟದ ನೀರು ಈಗ ಬಲಕ್ಕೆ ವಾಲಿತ್ತು. ಬಲಕ್ಕೆ ಬ್ಯಾಟರಿ, ಬಲಕ್ಕೆ ಅಪ್ಪ, ಬಲಕ್ಕೆ ಅಮ್ಮ. ತಿಂಗಳ ಲೆಕ್ಕಾಚಾರ ಒಂದೇ ಬಾಗಿಲ ಸದ್ದಿಗೆ ತಲೆಕೆಳಗಾದದ್ದನ್ನು ನೋಡುತ್ತ ಅಪ್ಪ ಕತ್ತು ಕುಗ್ಗಿಸಿಕೊಂಡು ಕಾರು ಓಡಿಸುತ್ತಿದ್ದ. ಮುಂದೆ ಕೂತ ಭಾವ ಮೊದಲ ಸಲ ಫಿಲ್ಟರಿನ ಸುದ್ದಿ ಬಿಟ್ಟು ರಸ್ತೆ ನೋಡುತ್ತಿದ್ದ. ಅಮ್ಮನ ಅಗಲವಾದ ಬೆನ್ನು ಸ್ಪಂಜಿನ ಮೇಲೆ ಒತ್ತಿ, ಸ್ಪಂಜು ತಗಡಿನ ಮೇಲೆ ಒತ್ತಿ, ತಗಡು ಕೇಬಲ್ಲಿನ ಮೇಲೆ ಒತ್ತುವುದನ್ನು ಕಿರಿಯವಳು ತನ್ನ ಬೆನ್ನೆಲುಬಿನಲ್ಲೇ ಅನುಭವಿಸಿದಳು. ಭಾವನ ವಿಷಯದಲ್ಲಿ ಸಾಲಕ್ಕೆ ತಂದುಕೊಂಡಿದ್ದ ಭಯ ಈಗ ಸ್ವಂತದ್ದಾಯಿತು. ಅಮ್ಮ ಅವಳ ಮುಷ್ಟಿಯನ್ನು ನೋಡಿ, "ಕೈಯಲ್ಲಿ ಏನದು?" ಎಂದು ಮೆಲ್ಲಗೆ ಕೇಳಿದಳು. ಅವಳು ಮುಷ್ಟಿ ಬಿಚ್ಚಿದಳು. ಉಂಗುರ ಎಂದಳು. ಅಮ್ಮ ಅದನ್ನು ನೋಡಿದಳು, ತನಗೆ ಯಾರೂ ಹೇಳದ ಇನ್ನೊಂದು ವಿಷಯ ಎಂದು ಮನಸ್ಸಿನಲ್ಲೇ ಪಕ್ಕಕ್ಕಿಟ್ಟು, ಮತ್ತೆ ಕಿಟಕಿಯಾಚೆ ತಿರುಗಿದಳು. ಕನ್ನಡಕದ ಗಾಜಿನ ಹಿಂದೆ ಅವಳ ಕಣ್ಣು ಸ್ವಲ್ಪ ಕೆಂಪಾಗಿತ್ತು, ಅದು ಗಾಳಿಗೂ ಇರಬಹುದು.

ವೇಬ್ರಿಡ್ಜಿನ ಅಂಗಳದಲ್ಲಿ ಎರಡು ಲಾರಿಗಳು ತೂಕಕ್ಕೆ ಕಾದು ನಿಂತಿದ್ದವು. ಅಂಗಳದ ಕೊನೆಯಲ್ಲಿ ಅಪ್ಪ ಜೀವಮಾನವೆಲ್ಲ ಕೂತಿದ್ದ ಪುಟ್ಟ ಕೋಣೆ, ಅದರ ನೆತ್ತಿಯ ಮೇಲೆ ಕೆಂಪು ಅಂಕಿಗಳ ದೊಡ್ಡ ಬೋರ್ಡು. ಕಿಟಕಿಯೊಳಗಿನಿಂದ ಈಗಿನ ಕೆಲಸದವನು ಅಪ್ಪನನ್ನು ಗುರುತಿಸಿ ಕೈಯೆತ್ತಿ, ನೀವು ಮೊದಲು ಬನ್ನಿ ಎಂದು ಸನ್ನೆ ಮಾಡಿದ. ಲಾರಿಯವರು ದಾರಿ ಬಿಟ್ಟರು. ಬೋರ್ಡು ನೋಡಿದ್ದೇ ಅಮ್ಮನಿಗೆ ಎಲ್ಲ ತಿಳಿದುಹೋಯಿತು ಎಂದು ಕಿರಿಯವಳಿಗೆ ಕೈಚೀಲದ ಮೇಲೆ ಅವಳ ಹಿಡಿತ ಬಿಗಿಯಾದದ್ದರಿಂದ ಗೊತ್ತಾಯಿತು. ಹಲಗೆಯ ಅಂಚಿನಲ್ಲಿ ಕಬ್ಬಿಣದ ಉಬ್ಬೊಂದಿತ್ತು. ಮುಂದಿನ ಚಕ್ರ ಅದನ್ನು ಹತ್ತಿ ಇಳಿಯಿತು, ಕಾರು ಧಡಕ್ಕೆಂದಿತು, ಲೋಟ ತುಳುಕಿತು, ಹಿಂದೆ ಎಲ್ಲೋ ಕರ್ ಎಂದು ಲೋಹ ಕೆರೆದ ಸದ್ದಾಯಿತು. ಈ ಸಲ ಅದು ಪೆನ್ನಲ್ಲ.

"ಅಪ್ಪ, ನಿಲ್ಸು."

ಮೂರನೇ ಬೆಂಚಿನಲ್ಲಿ ಹಲ್ಲಿನ ಹಿಂದೆ ಉಳಿದುಹೋಗಿದ್ದ ಅಷ್ಟೂ ಹಾಜರಿಗಳು ಒಟ್ಟಿಗೆ ಹೊರಗೆ ಬಂದಂತಿತ್ತು ಆ ಕೂಗು. ಅಪ್ಪ ಬ್ರೇಕು ತುಳಿದ. ಹಿಂದಿದ್ದ ಲಾರಿಯವನೂ, ತನಗೇ ಹೇಳಿದರೆಂದು, ಇಂಜಿನ್ ಆರಿಸಿದ. ಕೋಣೆಯ ಕಿಟಕಿಯಿಂದ ತಲೆಯೊಂದು ಹೊರಬಂತು. ಅಮ್ಮ, ಅಲುಗದೆ ಕೂತಲ್ಲಿಂದಲೇ, ಯಾರನ್ನೂ ನೋಡದೆ ಕೇಳಿದಳು. "ನನ್ನ ಭಾರಕ್ಕೆ ಏನಾದ್ರೂ ಮುರೀತಾ?"

"ಇಲ್ಲಮ್ಮ" ಎಂದಳು ಅವಳು. ದನಿ ಇನ್ನೂ ಅಷ್ಟೇ ದೊಡ್ಡದಿತ್ತು. ಕಡಿಮೆ ಮಾಡುವುದು ಹೇಗೆಂದು ಗೊತ್ತಾಗಲಿಲ್ಲ. "ನಿಂಗೂ ಇದಕ್ಕೂ ಸಂಬಂಧ ಇಲ್ಲ. ನಾನು ಒಂದು ಉಂಗುರ ಹಾಕೋದು ಮರ್ತಿದೀನಿ. ಕೇಬಲ್ ತಗಡಿಗೆ ಉಜ್ತಾ ಇದೆ. ಎಲ್ಲರೂ ಇಳೀರಿ. ಅಪ್ಪ, ಇಂಜಿನ್ ಆರಿಸಿ ಡಿಕ್ಕಿ ಕೀಲಿ ಕೊಡು."

ಎಲ್ಲರೂ ಇಳಿದರು. ಲಾರಿಯವರು ಹತ್ತಿರ ಬಂದರು, ಕೆಲಸ ನಡೆಯುವಲ್ಲಿ ನಿಂತು ನೋಡುವುದಕ್ಕೆ ಯಾರಿಗೂ ಕರೆ ಬೇಕಿಲ್ಲ. ಅವಳು ಡಿಕ್ಕಿ ತೆರೆದು, ಸ್ಪ್ಯಾನರ್ ತೆಗೆದುಕೊಂಡು, ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ದೂರ ಸರಿಸಿದಳು. ಅಲ್ಲಿಗೆ ಅರ್ಧ ಉಸಿರು ಬಂತು. ಭಾವ ಧೈರ್ಯ ತಂದುಕೊಂಡು, ಅಷ್ಟಕ್ಕೆಲ್ಲ ಗಾಬರಿ ಯಾಕೆ, ಫ್ಯೂಸ್ ಇದೆಯಲ್ಲ ಮುಂದೆ, ತೋರಿಸ್ತೀನಿ ತಾಳಿ, ಎಂದು ಬಾನೆಟ್ ಎತ್ತಿದ. ಎತ್ತಿದವನು ಬಗ್ಗಿದ, ಇನ್ನೂ ಬಗ್ಗಿದ. ಫ್ಯೂಸ್ ಎಲ್ಲಿ ಎಂದು ಬಾನೆಟ್ಟಿನೊಳಗಿನಿಂದ ಕೇಳಿತು. ಹಿಂದೆ ಹಾಕಿದೀನಿ ಭಾವ, ಎಂದಳು. ಯಾವಾಗ ಎಂದ. ನೀವು ಟೀ ಕುಡಿಯೋವಾಗ, ಎಂದಳು. ಲಾರಿಯವನೊಬ್ಬ ನಕ್ಕ. ಅವಳಿಗೆ ನಗು ಬರಲಿಲ್ಲ. ಕೇಬಲ್ಲನ್ನು ಫ್ಯೂಸಿನಿಂದ ಬಿಚ್ಚಿ ಹೊರಗೆಳೆದಾಗ ಅದರ ಕೆಂಪು ಕೊರಳಲ್ಲಿ ಉಗುರಿನ ಗುರುತಿನಂಥ ಅರ್ಧಚಂದ್ರಾಕಾರದ ಸೀಳು, ಸೀಳಿನ ತಳದಲ್ಲಿ ತಾಮ್ರ ಕಂಡೂ ಕಾಣದಂತೆ ಮಿನುಗುತ್ತಿತ್ತು. ಇನ್ನೊಂದು ಉಬ್ಬು ಸಾಕಿತ್ತು. ಅವಳು ಅದನ್ನು ಅಪ್ಪನಿಗೆ ತೋರಿಸಿದಳು, ಬಚ್ಚಿಡದೆ, ಬೆರಳಿಟ್ಟು. ಆಮೇಲೆ ಹೆಬ್ಬೆರಳ ಉಂಗುರವನ್ನು ಎಳೆದಳು, ಅದು ಬರಲಿಲ್ಲ. ಬೆರಳು ಬಾತಿತ್ತು. ಎಂಜಲು ಹಚ್ಚಿದಳು, ತಿರುಚಿದಳು. ಕೊನೆಗೆ ಅಮ್ಮ ಮುಂದೆ ಬಂದು, ಕೈಚೀಲದಿಂದ ಕೈಗೆ ಹಚ್ಚುವ ಕ್ರೀಮು ತೆಗೆದು, ಸಣ್ಣ ಮಗುವಿನ ಕೈ ಹಿಡಿದಂತೆ ಹಿಡಿದು, ಹಚ್ಚಿ, ಎಳೆದುಕೊಟ್ಟಳು. ಉಂಗುರವನ್ನು ಅಪ್ಪ ಇಸಿದುಕೊಂಡು ಅಂಗೈಯ ಮೇಲಿಟ್ಟು, ಅಭ್ಯಾಸಬಲದಿಂದ, ಕೈಯನ್ನು ಎರಡು ಸಲ ಮೇಲೆ ಕೆಳಗೆ ಮಾಡಿದ.

"ಇದಕ್ಕೆ ತೂಕವೇ ಇಲ್ಲವಲ್ಲ ಮರಿ" ಎಂದ.

ಬೈಗುಳಕ್ಕೆ ಬೆನ್ನು ಒಡ್ಡಿ ನಿಂತಿದ್ದ ಅವಳಿಗೆ ಬೈಗುಳ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಅಪ್ಪ ಉಂಗುರವನ್ನು ಹಿಂದಕ್ಕೆ ಕೊಟ್ಟು, ಟೇಪು ಹಿಡಿದು ಪಕ್ಕದಲ್ಲಿ ನಿಂತ. ಅವಳು ಸೀಳಿನ ಮೇಲೆ ಬಿಗಿಯಾಗಿ ಟೇಪು ಸುತ್ತಿದಳು, ಮನೆಗೆ ಮುಟ್ಟುವ ತನಕ ಸಾಕು, ನಾಳೆ ಈ ತುಂಡನ್ನೇ ಬದಲಿಸ್ತೀನಿ ಎಂದಳು. ಉಂಗುರವನ್ನು ತೂತಿನಲ್ಲಿ ಕೂರಿಸಿ, ಸುತ್ತಲೂ ತಗಡಿನ ಅಂಚು ಕಚ್ಚಿನೊಳಗೆ ಕೂತಿತೆಂದು ಉಗುರಿನಿಂದ ನೋಡಿ, ಕೇಬಲ್ ತೂರಿಸಿ, ಬೋಲ್ಟು ಬಿಗಿದು, ಎಲ್ಲಕ್ಕಿಂತ ಕೊನೆಗೆ ನೆಗೆಟಿವ್ ಕಚ್ಚಿಸಿದಳು. ಯಾರ ಚಪ್ಪಲಿಯ ಸದ್ದಿಗೂ ಅವಸರ ಮಾಡಲಿಲ್ಲ.

ಕೆಲಸ ಮುಗಿದ ಮೇಲೆ ಅಪ್ಪ ಕೈ ಒರೆಸಿಕೊಳ್ಳುತ್ತ, ನೆಲ ನೋಡುತ್ತ, ಹೋಗೋಣ ಮನೆಗೆ, ತೂಗೋದೇನೂ ಬೇಡ, ಎಂದ. "ಇಷ್ಟು ದೂರ ಬಂದು ತೂಗದೆ ಹೋಗ್ತಾರಾ?" ಎಂದಳು ಅಮ್ಮ. ಹೇಳಿ, ಮುಂದಿನ ಎಡಬಾಗಿಲು ತೆಗೆದು, ತನ್ನ ಜಾಗದಲ್ಲಿ ಕೂತು, ಬಾಗಿಲು ಎಳೆದುಕೊಂಡಳು. ಭಾವ ಮರುಮಾತಿಲ್ಲದೆ ಹಿಂದೆ ಬಂದ. ಅಪ್ಪ ಎಡಚಕ್ರಗಳನ್ನು ಮಾತ್ರ ಹಲಗೆಯ ಅಂಚಿಗೆ ಹತ್ತಿಸಿ ನಿಲ್ಲಿಸಿದ. ಕೋಣೆಯ ಮೇಲಿನ ಬೋರ್ಡಿನಲ್ಲಿ ಅಂಕಿಗಳು ತಡವರಿಸತೊಡಗಿದವು. ಅವು ನಿಲ್ಲುವುದಕ್ಕೆ ಮೊದಲೇ ಅಮ್ಮ, ಯಾವ ಅವಸರವೂ ಇಲ್ಲದೆ, ಕನ್ನಡಕ ತೆಗೆದು ಮಡಚಿ ಮಡಿಲಲ್ಲಿ ಇಟ್ಟುಕೊಂಡಳು. ಕನ್ನಡಕವಿಲ್ಲದೆ ಅವಳಿಗೆ ಆ ಬೋರ್ಡು ಒಂದು ಕೆಂಪು ಮೋಡ. ಅಪ್ಪ ಅದನ್ನು ಓರೆಗಣ್ಣಿನಲ್ಲಿ ನೋಡಿದ. ಅಂಕಿ ನಿಂತಿತು, ಅಪ್ಪ ನೋಡಿದ, ಕಿರಿಯವಳೂ ನೋಡಿದಳು. ಕಾರನ್ನು ಹಿಂದೆ ತೆಗೆದು, ಬಲಚಕ್ರಗಳನ್ನು ಹತ್ತಿಸಿದ. ಮತ್ತೆ ಅಂಕಿ ತಡವರಿಸಿ ನಿಂತಿತು. ಎಡಕ್ಕೂ ಬಲಕ್ಕೂ ನಡುವೆ ಇನ್ನೂ ನಲವತ್ತು ಕಿಲೋ ಅಂತರವಿತ್ತು, ಎಡಕ್ಕೇ ಹೆಚ್ಚು. ಧೂಳಲ್ಲ; ನಾಲ್ಕು ಸಲ ಹತ್ತು.

ಅಪ್ಪ ಬಹಳ ಹೊತ್ತು ಬೋರ್ಡನ್ನು ನೋಡುತ್ತಿದ್ದ. ಒಂದು ಚೀಲದ ವ್ಯತ್ಯಾಸಕ್ಕೆ ಲಾರಿಯವರ ಬೈಗುಳ ತಿಂದವನು, ಒಂದೂ ಅಂಕಿಯನ್ನು ಯಾರಿಗಾಗಿಯೂ ಅತ್ತಿತ್ತ ಮಾಡದವನು, ಅದೇ ಕೋಣೆಯ ಅದೇ ಕಿಟಕಿಯ ಎದುರು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಂಟಲು ಸರಿಮಾಡಿಕೊಂಡ.

"ಸಮ" ಎಂದ. "ಸರಿಸಮ ಬಂತು."

ಭಾವ ಮುಂದಕ್ಕೆ ಬಗ್ಗಿ ಬೋರ್ಡಿನ ಕಡೆ ಬೆರಳು ಎತ್ತಿ, ಮಾವ, ಅಲ್ಲಿ, ಎಂದು ಶುರುಮಾಡಿದ. ಭಾವ, ಎಂದಳು ಕಿರಿಯವಳು. ಮೆಲ್ಲಗೇ ಎಂದಳು, ಎಂದಿನ ದನಿಯಲ್ಲೇ. ಅಷ್ಟು ಸಾಕಾಯಿತು, ಎತ್ತಿದ ಬೆರಳು ಮಡಚಿಕೊಂಡು ಜೇಬಿನ ಪೆನ್ನಿನ ಬಳಿ ಹೋಗಿ ಕೂತಿತು. ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಉಂಗುರವಿದ್ದ ಕಡೆ ಬಿಳಿಯ ಗೆರೆಯೊಂದು ಇನ್ನೂ ಇತ್ತು, ಕ್ರೀಮಿನ ವಾಸನೆಯೂ.

"ಸಮ ಬರುತ್ತೆ ಅಂತ ನಂಗೆ ಗೊತ್ತಿತ್ತು" ಎಂದಳು ಅಮ್ಮ. ಕಾರು ಹಲಗೆಯಿಂದ ಇಳಿಯಿತು. ಕಬ್ಬಿಣದ ಉಬ್ಬು ದಾಟುವಾಗ ಹಿಂದೆ ಏನೂ ಕೆರೆಯಲಿಲ್ಲ. ಅಂಕಿಗಳೆಲ್ಲ ಸೊನ್ನೆಗೆ ಬಂದು, ಬೋರ್ಡು ಕನ್ನಡಿಯಲ್ಲಿ ಚಿಕ್ಕದಾಗಿ ಮರೆಯಾದ ಮೇಲೆ, ಅಮ್ಮ ಕನ್ನಡಕವನ್ನು ಒರೆಸಿ ಹಾಕಿಕೊಂಡಳು.